ಅಳತೆ ಪುಸ್ತಕ

ಚಿಕ್ಕಪೇಟೆಯ ಅರ್ಧ ಹೆಂಗಸರ ಸುತ್ತಳತೆ
ನನ್ನ ಹತ್ತಿರ ಇದೆ,
ಉದ್ದನೆಯ ಲೆಕ್ಕದ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ.
ಹೆಸರು ಬರೆಯುವುದಿಲ್ಲ. ಗುರುತು ಮಾತ್ರ:
ತಾವರೆ, ಏಣಿ, ಮೂರು ಚುಕ್ಕಿ,
ಒಬ್ಬಳಿಗೆ ಬರೀ ಗೆರೆ.
ಯಾರ ಸೊಂಟ ಯಾವ ವರ್ಷ ಹಿಗ್ಗಿತು,
ಗಂಡನನ್ನು ಬಿಟ್ಟ ಮೇಲೆ ಯಾರ ತೋಳು ತುಂಬಿಕೊಂಡಿತು,
ಮದುವೆಗೆ ಮೊದಲೇ ಯಾರು
ಎರಡು ಇಂಚು ಬಿಡಿಸಿಕೊಂಡು ಹೋದಳು,
ಓದಬಲ್ಲವಳು ನಾನೊಬ್ಬಳೇ.
ನಮ್ಮ ಮನೆಯವರು ಓಂಕಾರಯ್ಯ
ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರೆ.

ಎದುರಿನ ಪಾತ್ರೆ ಅಂಗಡಿಯ ಹೊಸ ಕ್ಯಾಮೆರಾ
ನನ್ನ ಟ್ರಯಲ್ ಪರದೆಯ ಕಡೆಗೇ ಕತ್ತು ತಿರುಗಿಸಿ ನಿಂತಿತ್ತು.
ಹೋಗಿ ಹೇಳಿದೆ.
"ಅದು ಕಳ್ಳರಿಗೆ ಕಣಕ್ಕಾ" ಅಂದ ಹುಡುಗ.
"ಕಳ್ಳರು ಬ್ಲೌಸ್ ಹಾಕ್ಕೊಂಡು ನೋಡಲ್ಲ ಕಣಪ್ಪ" ಅಂದೆ.
ಮಾರನೇ ದಿನದಿಂದ ಅದು ಚರಂಡಿ ನೋಡುತ್ತಿದೆ.

ಇನ್ನು ಈ ಪೆಟ್ಟಿಗೆ.
ಅಂಗೈ ಅಗಲ; ಗಂಟಲು ಹರಾಜು ಕೂಗುವವನದು.
ಗಿರಾಕಿ ಫೋನು ತೋರಿಸಿದರೆ ಸಾಕು,
ನೂರಾ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ ಎಂದು
ಹೂವಿನವಳಿಗೆ, ಚೀಟಿ ಜಯಶೀಲಮ್ಮನಿಗೆ,
ಬಾಡಿಗೆ ಏರಿಸಲು ಕಾದು ಕೂತ ಮಾಲೀಕನಿಗೆ
ನನ್ನ ಗಳಿಕೆ ಒಪ್ಪಿಸಿಬಿಡುತ್ತದೆ.
ಒಮ್ಮೆ ಕಟ್‌ಪೀಸು ಹೊದಿಸಿದೆ.
ಒಳಗಿಂದಲೂ ಕೂಗಿತು, ನೆಗಡಿಯಾದವರ ಹಾಗೆ.

ಆಷಾಢ ಅಂತಿಟ್ಟುಕೊಳ್ಳಿ,
ಕೆಲಸವಿಲ್ಲದ ಮಧ್ಯಾಹ್ನ ಒಬ್ಬಳು ಬಂದಳು.
ಹಳೆಯ ಗಿರಾಕಿ. ಗುರುತನ್ನೂ ನಿಮಗೆ ಹೇಳುವುದಿಲ್ಲ.
ಪರದೆ ಎಳೆದು ಸೆರಗು ಸರಿಸಿದಳು.
ಟೇಪು ಎಡಕ್ಕೆ ಹೋಗಿ
ಏನೂ ಸಿಗದೆ ಹಿಂದಿರುಗಿತು.
"ಬೆಂಗಳೂರಲ್ಲಿ ತೆಗೆದ್ರು. ಮನೇಲಿ ಇಬ್ಬರಿಗೆ ಬಿಟ್ರೆ
ಯಾರಿಗೂ ಗೊತ್ತಿಲ್ಲ. ಶ್ರಾವಣದಲ್ಲಿ ಮದುವೆ ಐತೆ,
ಫೋಟೋದವರು ಬರ್ತಾರೆ."
ನಾನು ಪೆನ್ಸಿಲು ಚೂಪು ಮಾಡಿದೆ,
ಮಾಡುತ್ತಲೇ ಇದ್ದೆ.

ಹತ್ತಿ ಎಷ್ಟು ತುಂಬಬೇಕು, ಒಳಪದರ ಯಾವುದು,
ಯಾರನ್ನು ಕೇಳಲಿ? ರಾತ್ರಿ ಫೋನನ್ನು ಕೇಳಿದೆ,
ಅಡುಗೆಮನೆ ಬಾಗಿಲು ಹಾಕಿ, ಪಿಸುಮಾತಿನಲ್ಲಿ.
ಹೇಳಿಕೊಟ್ಟಿತು. ಸುಳ್ಳೇಕೆ, ಚೆನ್ನಾಗಿಯೇ ಹೇಳಿಕೊಟ್ಟಿತು.
ಬೆಳಗ್ಗೆಯಿಂದ ಶುರು:
ರಂಗೋಲಿ ನೋಡಿದರೆ ನಡುವೆ ಆಸ್ಪತ್ರೆ,
ಉಪ್ಪಿನಕಾಯಿ ನೋಡಿದರೆ, ಗಂಟಿದೆಯೇ ಮುಟ್ಟಿ ನೋಡಿಕೊಳ್ಳಿ,
ಬೋಳುತಲೆಯ ನಗುವ ಹೆಂಗಸು, ಕಂತಿನ ವಿಮೆ.

ಸ್ಕೋರು ನೋಡಲು ನನ್ನ ಫೋನು ತೆಗೆದುಕೊಂಡ ಇವರು
ಎರಡು ದಿನ ಸಾರಿಗೆ ಉಪ್ಪು ಸಾಲದೆಂದು ಅನ್ನಲಿಲ್ಲ.
ಮೂರನೇ ರಾತ್ರಿ ಗೋಡೆ ಕಡೆ ತಿರುಗಿ
"ನಿಂಗೇನಾರ ಆಗೈತಾ?" ಅಂದರು.
ಇಪ್ಪತ್ತಾರು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ.

ನನಗಲ್ಲ ಅಂದರೆ, ಮತ್ಯಾರಿಗೆ ಅನ್ನುತ್ತಾರೆ.
ಗಿರಾಕಿಗೆ ಅಂದರೆ, ಈ ತಿಂಗಳು ಬಂದವರು ನಾಲ್ಕೇ ಜನ.
ಬೆರಳು ಮಡಿಸಲು ಎಷ್ಟು ಹೊತ್ತು?
"ಗೊತ್ತಿಲ್ಲ, ತೋರಿಸಿಬಿಡಾಣ" ಅಂದೆ.

ಬಿ.ಎಚ್. ರಸ್ತೆಯ ಸ್ಕ್ಯಾನಿಂಗಿನಲ್ಲಿ
ಇಲ್ಲದ ಕಾಯಿಲೆಗೆ ಮೂರು ಗಂಟೆ ಕೂತೆವು.
ಅಲ್ಲೂ ಒಂದು ಪೆಟ್ಟಿಗೆ. ನಮ್ಮ ಎರಡು ಸಾವಿರದ ನಾನೂರನ್ನು
ಬೆಂಚಿನ ಉದ್ದಕ್ಕೂ ಹಂಚಿತು.
ಏನೂ ಇಲ್ಲ ಅಂದರು ಡಾಕ್ಟರು.
ಇವರು ಕನ್ನಡಕ ತೆಗೆದು ಒರೆಸಿ, ಮತ್ತೆ ಒರೆಸಿ,
ಕ್ಯಾತ್ಸಂದ್ರದವರೆಗೂ ಕರಕೊಂಡು ಹೋಗಿ
ತಟ್ಟೆ ಇಡ್ಲಿ ಕೊಡಿಸಿದರು.
ಎರಡು ತಿಂದೆ. ಸುಳ್ಳು ಹೇಳಿದವರಿಗೂ ಹಸಿವಾಗುತ್ತದೆ.

ಈ ಜಾಹೀರಾತು ನಿಮಗೆ ಉಪಯುಕ್ತವೇ,
ನಿನ್ನೆ ಕೂಡ ಕೇಳಿತು ಫೋನು.
ಹೌದು, ಅಲ್ಲ, ಎರಡೇ ಗುಂಡಿ.

ಅವಳು ಬ್ಲೌಸು ತೊಟ್ಟು ಕನ್ನಡಿಯ ಮುಂದೆ
ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು,
ಕೈಯೆತ್ತಿ ಹೂ ಮುಡಿಯುವ ಹಾಗೆ ಮಾಡಿ ನೋಡಿದಳು.
"ತೋಳು ವಸಿ ಬಿಗಿ" ಅಂದಳು.
ಬಿಡಿಸಿಕೊಟ್ಟೆ.
ಪೆಟ್ಟಿಗೆಯ ಕಡೆ ಒಮ್ಮೆ ನೋಡಿ
ಮುಷ್ಟಿಯಿಂದ ನೋಟು ತೆಗೆದಳು,
ನಾಲ್ಕು ಮಡಿಕೆಯದು, ಬೆವರಿಗೆ ಮೆತ್ತಗಾದದ್ದು.
ಎಣಿಸದೆ ಪುಸ್ತಕದೊಳಗಿಟ್ಟೆ.
ಪೆಟ್ಟಿಗೆಗೆ ಹೇಳಲು ಏನೂ ಇರಲಿಲ್ಲ.