ಟವೆಲಿನ ಮಡಿಕೆ

ನೂರ ಎಂಬತ್ತೇಳು. ಎಣಿಸಿಯೇ ಹೇಳುತ್ತಿದ್ದೇನೆ,
ಮರಿಗಳನ್ನು ಬಿಟ್ಟು.
ಹೆಸರಿದ್ದವನ್ನು ಹೆಸರು ಹಿಡಿದು,
ಇಲ್ಲದವನ್ನು ಕಿವಿಯ ಕಚ್ಚು ನೋಡಿ
ಲಾರಿಗೆ ಹತ್ತಿಸಿದೆವು, ನಾನೂ ಮೈದುನ ಓರ್ನೋಲ್ಫನೂ.
ಅಕ್ಟೋಬರ್. ಗುಡ್ಡದ ನೆತ್ತಿಗೆ ಆಗಲೇ ಹಿಮ.

ಮೊದಲು ಕಂಡದ್ದು ಮೋಸಾಳಲ್ಲಿ.
ಬೇಲಿಯ ಗೂಟಕ್ಕೆ ಪಕ್ಕೆ ಉಜ್ಜುತ್ತಿದ್ದಳು
ಉಣ್ಣೆ ಕಿತ್ತು ಚರ್ಮ ಕೆಂಪಾಗುವ ತನಕ.
ಬೆನ್ನು ಕೆರೆದರೆ ತುಟಿ ಚಪ್ಪರಿಸುವಳು,
ಇಲ್ಲದ ಉಪ್ಪು ನೆಕ್ಕುವ ಹಾಗೆ.
ಆಮೇಲೆ ಕಾಲು: ನೆಲವೇ ದೋಣಿಯಾದಂತೆ ಹೆಜ್ಜೆ.
ನಮ್ಮಲ್ಲಿ ಇದಕ್ಕೆ ರಿದಾ ಎನ್ನುತ್ತಾರೆ, ನಡುಕ ಎಂದು.
ಅಜ್ಜ ಆ ಪದವನ್ನು ಊಟದ ಹೊತ್ತಲ್ಲಿ ಆಡಗೊಡುತ್ತಿರಲಿಲ್ಲ.

ಪಶುವೈದ್ಯ ಬ್ರಾಂಡುರ್ ಬೂಟು ಹೊರಗೇ ಕಳಚಿ ಬಂದ.
ಕಾಫಿ ಮುಟ್ಟಲಿಲ್ಲ.
"ಯಾವ ಹುಳ?" ಕೇಳಿದೆ.
"ಹುಳವಲ್ಲ, ಸ್ಟೀನ್‌ವೋರ್. ವೈರಸ್ಸೂ ಅಲ್ಲ.
ಅದಕ್ಕೆ ಜೀವವೇ ಇಲ್ಲ, ಸಾಯಿಸುವುದು ಹೇಗೆ?"
ಒಲೆಯ ಸರಳಿನಿಂದ ಟವೆಲು ಎಳೆದು
ಮೇಜಿನ ಮೇಲೆ ಸುರುಳಿ ಸುತ್ತಿದ. "ಇದು ಸರಿಯಾದದ್ದು.
ನರಕೋಶದ ಹೊರಮೈಗೆ, ಕೊಬ್ಬಿನ ಒಂದೆಳೆಗೆ ಕಟ್ಟಿ
ತೂಗಿಬಿಟ್ಟ ಪ್ರೋಟೀನು. ನಿನ್ನಲ್ಲೂ ಇದೆ, ನನ್ನಲ್ಲೂ.
ಏನು ಮಾಡುತ್ತದೆ ಎಂದು ಕೇಳಬೇಡ, ಪೂರಾ ಗೊತ್ತಿಲ್ಲ."
ಸುರುಳಿ ಬಿಚ್ಚಿದ. ಅದೇ ನೂಲು, ಅಂಚಿಗೆ ಅದೇ ನೀಲಿ ಗೆರೆ,
ಮಡಿಕೆಯ ಮೇಲೆ ಮಡಿಕೆಯಿಟ್ಟು
ಅಂಗೈಯಿಂದ ಚಪ್ಪಟೆ ಒತ್ತಿದ.
"ಇದು ತಪ್ಪಿದ್ದು."

ಹುಲ್ಲಿನ ಜೊತೆ ಹೊಟ್ಟೆಗೆ ಬರುತ್ತದಂತೆ.
ಕರುಳಿನ ಗೋಡೆಯ ಕಾವಲಿನವರು ಮೂಸಿ ನೋಡಿ
ನಮ್ಮದೇ ಎಂದು ಒಳಬಿಡುತ್ತಾರೆ.
ನಮ್ಮದೇ ಹೌದು, ಅಲ್ಲವೆನ್ನಲು ಏನಿದೆ ಕಾರಣ?
ಜ್ವರವಿಲ್ಲ. ಕೀವಿಲ್ಲ.
ಗುಲ್ಮದಲ್ಲಿ ತಂಗಿ, ನರದ ಎಳೆ ಹಿಡಿದು
ವರ್ಷಗಟ್ಟಲೆ ಹತ್ತುತ್ತದೆ, ಮಿದುಳಿನ ಬುಡಕ್ಕೆ.
ಅಲ್ಲಿ ಸರಿಯಾದ ಸುರುಳಿಯೊಂದು ತೂಗುತ್ತಿರುತ್ತದೆ.
ಇದು ಹೋಗಿ ಪಕ್ಕದಲ್ಲಿ ನಿಲ್ಲುತ್ತದೆ. ಅಷ್ಟೇ.
ಹೊಡೆಯುವುದಿಲ್ಲ, ಕಚ್ಚುವುದಿಲ್ಲ.
ಮೈಗೆ ಮೈ ತಾಗಿಸಿ
ಹೀಗಿರಲೂ ಬರುತ್ತದೆ, ನೋಡು, ಎನ್ನುತ್ತದೆ.
ಸುರುಳಿ ಸಡಿಲುತ್ತದೆ.

ಈಗ ಎರಡು. ಕೋಶ ಎರಡನ್ನೂ ಒಳಗೆಳೆದು
ಹುಳಿಯ ಚೀಲದಲ್ಲಿ ಅರಗಿಸಲು ನೋಡುತ್ತದೆ.
ಅರಗುವುದಿಲ್ಲ. ಇಮ್ಮಡಿ, ನಾಲ್ಮಡಿ, ನೂರ್ಮಡಿ.
ಉದ್ದವಾದ ಪೇರಿಕೆ ನಡುವೆ ಮುರಿದರೆ
ಎರಡು ತುದಿ ಹೋಗಿ ನಾಲ್ಕು;
ಮುರಿದದ್ದೂ ಅದಕ್ಕೆ ಲಾಭವೇ.
ಆಚೆಯ ಕೋಶಕ್ಕೆ ದಾಟಲು
ಕೋಶಗಳೇ ಚಾಚಿಕೊಂಡ ಕಾಲುಸಂಕವುಂಟು.
ಕೊನೆಗೆ ಮಿದುಳು ತುಂಬ ತೂತು,
ಹುದುಗೆದ್ದ ರೊಟ್ಟಿಯನ್ನು ಕೊಯ್ದು ನೋಡಿದ ಹಾಗೆ.

ಅವನು ಹೋದ ಮೇಲೆ ಲೆಕ್ಕ ಹಾಕಿದೆ:
ಮೋಸಾಳ ತಾಯಿ, ಅವಳ ಮಾಸು ಬಿದ್ದ ಹುಲ್ಲು,
ಆ ಹುಲ್ಲು ಮೇಯ್ದ ಹನ್ನೊಂದು,
ಆಮೇಲೆ ಲೆಕ್ಕ ಬಿಟ್ಟೆ.

ಎಲ್ಲ ಮಡಿದವು. ಆಮೇಲೆ ನಮಗೆ ಮಡಿಯ ಪಾಠ:
ಕೊಟ್ಟಿಗೆಯ ಹಲಗೆ ಸುಡಿ. ಕಲ್ಲನ್ನು ಕ್ಲೋರಿನ್ನಿನಲ್ಲಿ ತೊಳೆಯಿರಿ.
ಮೇಲ್ಮಣ್ಣು ಕೆತ್ತಿ ತೆಗೆದು ಜಲ್ಲಿ ಸುರಿಯಿರಿ.
ಕುದಿಸಿದರೂ ಹೋಗದ್ದು, ಫಾರ್ಮಲಿನ್ನಿಗೆ ಇನ್ನೂ ಗಟ್ಟಿಯಾಗುವುದು,
ಮಣ್ಣಿನ ಕಣಕ್ಕೆ ಅಂಟಿ ಹತ್ತಾರು ವರ್ಷ ಕಾಯುವುದು.
ಅಷ್ಟು ತಾಳ್ಮೆ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ಎರಡು ಚಳಿಗಾಲ ಕೊಟ್ಟಿಗೆ ಖಾಲಿ.
ಓರ್ನೋಲ್ಫ್ ಮೀನಿನ ಕಾರ್ಖಾನೆ ಸೇರಿದ.
ಬೆಳಗಿನ ಐದಕ್ಕೆ ಮೇವು ಹಾಕಲೆಂದು ಎದ್ದು
ಬೂಟಿನೊಳಗೆ ಒಂದು ಕಾಲಿಟ್ಟು
ಹಾಗೇ ಕೂತಿರುತ್ತಿದ್ದೆ.
ಒಗೆದ ಟವೆಲನ್ನು ಸರಳಿನ ಮೇಲೆ ಎಸೆಯುತ್ತಿದ್ದೆ, ಮಡಿಸದೆ.

ಈಗ ಹೊಸ ಕುರಿ, ಪಶ್ಚಿಮದ ಫ್ಯೋರ್ಡುಗಳಿಂದ ತಂದವು.
ವಂಶವಾಹಿಯಲ್ಲಿ ಒಂದಕ್ಷರ ಬೇರೆಯಿರುವ ಟಗರಿದೆಯಂತೆ,
ಯಾರು ಪಕ್ಕದಲ್ಲಿ ನಿಂತರೂ ಅದರ ಸುರುಳಿ ಸುಲಭಕ್ಕೆ ಬಿಚ್ಚದಂತೆ.
ಅದರ ಮರಿಗಾಗಿ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ,
ನನ್ನ ಮುಂದೆ ನಲವತ್ತು ಮನೆ.

ಇವತ್ತು ಸಂಜೆ ಮೂರು ವರ್ಷದ ಹೆಣ್ಣೊಂದು
ಗೂಟಕ್ಕೆ ಪಕ್ಕೆ ಉಜ್ಜಿತು. ಒಮ್ಮೆ.
ತುರಿಕೆ ಯಾವ ಕುರಿಗೆ ಬರುವುದಿಲ್ಲ?
ಬೇಲಿಯಾಚೆ ನಿಂತು, ಕತ್ತಲು ಕವಿಯುವ ತನಕ ಕಾದೆ,
ಮತ್ತೆ ಉಜ್ಜೀತೇ ಎಂದು.