ಆರನೆಯ ಕುಪ್ಯ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ, ಬೇಕರಿಯ ಮೇಲೆ,
ಹದಿಮೂರು ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ.
ಏದುಸಿರು ಬಿಡುತ್ತ ಬಂದವರ ಅಳತೆ
ತಕ್ಷಣ ತೆಗೆಯಬಾರದು. ಎದೆ ಒಂದಿಂಚು ಸುಳ್ಳು ಹೇಳುತ್ತದೆ.

ಸಿನಿಮಾದವಳು ಮಾತ್ರ ಏದುಸಿರಿಲ್ಲದೆ ಬಂದಳು.
ಕುತ್ತಿಗೆಗೆ ಟೇಪು, ಕೈಯಲ್ಲಿ ಎರಡು ಫೋನು.
‘ಕುಪ್ಯ ಬೇಕು ಬೀರಾನಣ್ಣ. ಬಿಳಿ. ಆರು.’
ಒಂದೇ ಮನೆಯಲ್ಲಿ ಆರು ಮದುವೆಯೇ, ಎಂದೆ.
‘ಮದುವೆಯಲ್ಲ, ಫೈಟು.’

ಕತ್ತರಿ ಕೆಳಗಿಟ್ಟೆ.
ಕರಿ ಕುಪ್ಯವಾದರೆ ಗಂಡಸು ಎಷ್ಟು ಸಲ ಬೇಕಾದರೂ ತೊಡುತ್ತಾನೆ,
ನಂಟರ ಮದುವೆಗೆ, ಕೈಲ್ ಮುಹೂರ್ತಕ್ಕೆ, ಬರೀ ಒಂದು ಫೋಟೊಕ್ಕೆ.
ನನ್ನ ಲೆಕ್ಕದ ಪುಸ್ತಕದಲ್ಲಿ ಬಿಳಿಯದಕ್ಕೆ ಎರಡೇ ಕಾರಣ.
ಒಮ್ಮೆ ಮದುಮಗನಾಗಿ, ತಾನೇ ತೋಳು ತೂರಿಸಿ.
ಇನ್ನೊಮ್ಮೆ, ತೋಳನ್ನು ಬೇರೆಯವರು ತೂರಿಸಿ.
ಹೇಳಿದೆ. ಅವಳು ಕೇಳಿದಳು, ನಿಜಕ್ಕೂ ಕೇಳಿದಳು,
ಬರೆದೂಕೊಂಡಳು.
‘ಆದರೆ ಅಣ್ಣ, ಕರಿ ಬಟ್ಟೆಯ ಮೇಲೆ ರಕ್ತ ಕಾಣುವುದಿಲ್ಲ.’

ಮುಂಗಡ ಕೊಟ್ಟಿದ್ದಳು. ಹೊಲಿದೆ.
ಒಂದು, ನಾಯಕ ಜೀಪಿನಿಂದ ಇಳಿಯುವುದಕ್ಕೆ.
ಎರಡು, ಕೆಸರಿಗೆ.
ಮೂರರ ಬಲತೋಳಿಗೆ ಬರೀ ಕಚ್ಚಾ ದಾರ,
ಖಳ ಎಳೆದೊಡನೆ ಕಿತ್ತು ಬರಬೇಕು.
(ನಲವತ್ತು ವರ್ಷ ಬಿಡದಂತೆ ಹೊಲಿದ ಕೈ,
ಬಿಡುವಂತೆ ಹೊಲಿಯಲು ಮೂರು ಸಲ ಸೋತಿತು.)
ನಾಲ್ಕು, ರಕ್ತಕ್ಕೆ.
ಐದು, ಅವನ ಬದಲು ಹಾರುವ ಹುಡುಗನಿಗೆ, ಭುಜ ಎರಡಿಂಚು ಹೆಚ್ಚು.
ಆರು, ಇರಲಿ ಅಂತ.

ಆ ಹಾರುವ ಹುಡುಗ ಟ್ರಯಲ್‌ಗೆ ಬಂದ.
ಮೊಣಕೈಯಲ್ಲಿ ಹಳೆ ಗಾಯ, ಕಿವಿಯಲ್ಲಿ ಹತ್ತಿ.
ಎರಡೂ ಬದಿ ತಡಕಾಡಿ, ‘ಜೇಬೇ ಇಲ್ಲವಲ್ಲ’ ಅಂದ.
ಇದನ್ನು ತೊಟ್ಟ ಎರಡು ದಿನವೂ
ಚಿಲ್ಲರೆ ಕೊಡುವವರು ಬೇರೆ ಇರುತ್ತಾರಪ್ಪ, ಅಂದೆ.
ನಕ್ಕ. ಅರ್ಥವಾಗಲಿಲ್ಲವೇನೋ. ಅಥವಾ ಆಗಿಯೇ ನಕ್ಕ.

ಸಿನಿಮಾ ಬಂತು.
ಚೇಲೆಯನ್ನು ಸೊಂಟಕ್ಕೆ ಬಿಗಿಯದೆ ಹೆಗಲಿಗೆ ಎಸೆದುಕೊಂಡು,
ಪೀಚೆಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು,
ನಾಯಕ ಕಾಫಿ ಕಣದ ಮೇಲೆ ನಿಧಾನಕ್ಕೆ, ಬಹಳ ನಿಧಾನಕ್ಕೆ ನಡೆದ.
ಪಕ್ಕದ ಸೀಟಿನಲ್ಲಿ ಮೊಣ್ಣಪ್ಪಣ್ಣ,
ನಿವೃತ್ತ ಸುಬೇದಾರ್, ಎಂಬತ್ತೊಂದು, ಗಟ್ಟಿಯಾಗಿ ಕೇಳಿದರು:
‘ಇವನು ಮದುವೆಗೆ ಹೊರಟದ್ದೋ ಮಸಣಕ್ಕೋ?’
ಮೂರು ಸಾಲು ನಕ್ಕಿತು.

ನಾನು ನಗಲಿಲ್ಲ. ಕಂಕುಳನ್ನೇ ನೋಡುತ್ತಿದ್ದೆ.
ಹುಡುಗ ಹಾರಿದ, ತೋಳೆತ್ತಿ, ಬೆನ್ನು ನಮ್ಮ ಕಡೆ ಮಾಡಿ.
ಮುಖವಿಲ್ಲ, ಹೆಸರಿಲ್ಲ. ಐದನೆಯ ಕುಪ್ಯ
ಮಂಜಿನಲ್ಲಿ ಹಿಗ್ಗಿತು, ಬಿರಿಯಲಿಲ್ಲ.
ಜನ ನಾಯಕನಿಗೆ ಶಿಳ್ಳೆ ಹೊಡೆದರು.
ನಾನೂ ಒಂದು ಹೊಡೆದೆ, ಹೊಲಿಗೆಗೆ.

ಆರನೆಯದು ತೊಡದೆಯೇ ವಾಪಸು ಬಂತು. ಬಾಕಿ ಹಣ ಬರಲಿಲ್ಲ.
ಕಿಟಕಿಯ ಪಕ್ಕ ತೂಗುಹಾಕಿದೆ. ಗಾಳಿ ಬಂದಾಗ
ಅಳತೆ ಕೊಡುವವನಂತೆ ತೋಳು ಎತ್ತುತ್ತಿತ್ತು.

ಒಂದು ಮಂಗಳವಾರ, ಹದಿಮೂರು ಮೆಟ್ಟಿಲಿಗೆ
ನಾಲ್ಕು ಸಲ ನಿಂತು, ಮೊಣ್ಣಪ್ಪಣ್ಣ ಬಂದರು.
ಕೂತರು. ಕೆಳಗಿನ ಬನ್ನಿನ ವಾಸನೆ ಬಗ್ಗೆ ಏನೋ ಅಂದರು.
ಆಮೇಲೆ, ಕಿಟಕಿಯ ಕಡೆ ನೋಡದೆ,
‘ಮದುವೆಯದನ್ನು ಹುಳ ತಿಂದಿದೆ ಬೀರಾನೇ.
ಆ ಹೀರೋದ್ದು ನನಗಾಗುತ್ತದೆಯೇ ನೋಡು.’

ಉಸಿರು ಇಳಿಯುವ ತನಕ ಕಾದು ಟೇಪು ಹಿಡಿದೆ.
ಕನ್ನಡಿಯೆದುರು ಹೊಟ್ಟೆ ಒಳಗೆಳೆದು, ಎದೆ ಮುಂದೊಡ್ಡಿ
ಪೆರೇಡಿಗೆ ನಿಂತಂತೆ ನಿಂತರು.
ಕೊರಳಿನ ಒಳಗೆ ಮಾರ್ಕರಿನಲ್ಲಿ ಬರೆದ ಪಟ್ಟಿ: ಹೀರೋ ೬.
ಕತ್ತರಿ ಎತ್ತಿದೆ. ಕೈ ಹಿಡಿದರು.
‘ಇರಲಿ ಬಿಡು. ಅಲ್ಲಿ ಯಾರಾದರೂ ಕೇಳಿದರೆ ತೋರಿಸಬಹುದು.’

ಸೊಂಟದಲ್ಲಿ ಎರಡಿಂಚು ಹಿಡಿದೆ.
ಹಿಡಿದ ಬಟ್ಟೆ ಕತ್ತರಿಸಿಲ್ಲ, ಒಳಕ್ಕೆ ಮಡಿಸಿ ಬಿಟ್ಟಿದ್ದೇನೆ.
ದಪ್ಪಗಾದರೆ ಬಿಚ್ಚಿಕೊಡಬಹುದು.