ಮೂರನೆಯ ಸಾಲಿನ ಕೈ

ಥಾಬಾ-ತ್ಸೆಕಾದಲ್ಲಿ ಇವತ್ತೂ ಹಿಮ. ಕರೆಂಟು ಬಂದದ್ದು ನಾಲ್ಕಕ್ಕೆ.
ಕಂಬಳಿ ಹೊದ್ದು ತುಂಬುತ್ತಿದ್ದೇನೆ
ಕಾಲೇಜು ಕೇಳಿದ ಪೋರ್ಟ್‌ಫೋಲಿಯೊ:
ಮಾಸೇರುವಿನ ಸರ್ಟಿಫಿಕೇಟು, ಸ್ಕ್ಯಾನಿನಲ್ಲಿ ಕೊಂಚ ವಾಲಿದೆ;
ಕುದುರೆ ಏರಿ ಹೋಗಿ ನೋಡಿಬಂದ ಶಾಲೆಗಳ ಪಟ್ಟಿ;
ಇಪ್ಪತ್ತೆರಡು ವರ್ಷ, ಒಂಬತ್ತು ಎಂಬಿ.
ಎದುರು ಮೇಜಿನ ರಾಮೊಲೆಫೆ ತನ್ನದಕ್ಕೆ
ಸೂರ್ಯೋದಯದ ಚಿತ್ರ ಅಂಟಿಸಿದ್ದಾನೆ.

ಕೊನೆಗೊಂದು ಖಾಲಿ ಚೌಕ:
ನಿಮ್ಮ ಪಾಠವನ್ನು ನೀವೇ ನೋಡಿ, ಬರೆಯಿರಿ.

ನೋಡಿದೆ.
ಲಿನೆಯೊ ಹಿಡಿದ ಫೋನಿನೊಳಗೆ ನಾನು,
ನಾಳೆ ಮೇಷ್ಟರಾಗುವವರಿಗೆ ಹೇಳುತ್ತಿದ್ದೇನೆ:
"ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ.
ಐದು ಎಣಿಸಿ. ಮಗುವಿಗೆ ದಾರಿ ಬಿಡಿ."
ಹೇಳಿ, ಪ್ರಶ್ನೆ ಕೇಳಿ,
ಒಂದು ಎಣಿಸಿ ಎರಡಾಗುವುದರೊಳಗೆ
ಉತ್ತರವನ್ನೂ ನಾನೇ ಒಪ್ಪಿಸಿಬಿಟ್ಟಿದ್ದೇನೆ.
ನಕ್ಕಿದ್ದೇನೆ ಬೇರೆ.

ಮತ್ತೆ ಹಿಂದಕ್ಕೆ ಎಳೆದೆ.
ಮೂರನೆಯ ಸಾಲು, ಕಿಟಕಿಯ ಕಡೆ,
ಬೂದು ಟೋಪಿಯ ಹುಡುಗ:
ಕೈ ಭುಜದವರೆಗೆ ಬಂದು,
ಅದಕ್ಕೇ ಎತ್ತಿದ್ದು ಎಂಬಂತೆ
ಕಿವಿ ಕೆರೆದುಕೊಂಡು ಇಳಿಯಿತು.
ಹೆಸರು? ಹಾಜರಿ ಪುಸ್ತಕದ ಮೇಲೆ ಬೆರಳಾಡಿಸಿದೆ.
ಟೆಬೊಹೊ ಇರಬೇಕು. ಅಲ್ಲ, ಅವನು ಮುಂದೆ ಕೂರುವವನು.

'ಸಾಧನೆಗಳು' ಖಾನೆಯಿಂದ ಆ ವಿಡಿಯೊ ಕಿತ್ತು
ಖಾಲಿ ಚೌಕಕ್ಕೆ ಹಾಕಿದೆ.
ಮುನ್ನೂರು ಪದ ಬೇಕಂತೆ.
ಬರೆದದ್ದು ಒಂದೇ ಸಾಲು:
ಅವನಿಗೆ ಏನು ಗೊತ್ತಿತ್ತು?

ಅಪ್‌ಲೋಡು ಶೇಕಡಾ ತೊಂಬತ್ತೊಂದರಲ್ಲಿ ನಿಂತಿದೆ.
ಹೊರಗೆ ಯಾರದೋ ಕುದುರೆ ಹಿಮ ಕೆದರಿ
ಹುಲ್ಲು ಹುಡುಕುತ್ತಿದೆ.
ಕೂತಿದ್ದೇನೆ, ಬಾಯಿ ಮುಚ್ಚಿಕೊಂಡು.
ಐದು ಯಾವಾಗಲೋ ಆಗಿಹೋಯಿತು.